ಹಳದಿ ಚೀಲದ ದಾರಿ ಹಿಡಿದು

ಉಡುಪಿಯ ಸಿಟಿ ಬಸ್ಸು ಕಲ್ಸಂಕ ದಾಟಿ ಮಣಿಪಾಲದ ಕಡೆಗೆ ಮುಖ ಮಾಡಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಕಂಡಕ್ಟರ್ ಸೀಟಿ ಊದಿ "ಕಡಿಯಾಳಿ, ಕಡಿಯಾಳಿ" ಎಂದು ಕೂಗುತ್ತಾನೆ. ಇಳಿಯುವವರನ್ನು ನೋಡುತ್ತಾ ನಿಂತರೆ ಊರಿನ ಪರಿಚಯ ಆದ ಹಾಗೆಯೇ. ಹೂವಿನ ಚೆಂಡು, ಹಣ್ಣುಕಾಯಿ ಹಿಡಿದವರು ಮಹಿಷಮರ್ದಿನಿಯ ದೇವಸ್ಥಾನದ ಕಡೆಗೆ ನಡೆಯುತ್ತಾರೆ. ಬೆನ್ನಿಗೆ ಚೀಲ ಏರಿಸಿದ ಮಕ್ಕಳು ಕಮಲಾಬಾಯಿ ಹೈಸ್ಕೂಲಿನ ಕಡೆಗೆ ಓಡುತ್ತಾರೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆಯ ಚೀಟಿ ತುರುಕಿಕೊಂಡವರು ಯಾವುದಾದರೊಂದು ಕ್ಲಿನಿಕ್ಕಿನ ಮೆಟ್ಟಿಲು ಹುಡುಕುತ್ತಾರೆ. ಉಡುಪಿಯ ಸುತ್ತ ನಾಲ್ಕು ದುರ್ಗೆಯರು ಕಾವಲಿದ್ದಾರೆ ಎಂದು ಹಿರಿಯರು ಹೇಳುವುದುಂಟು: ಕಡಿಯಾಳಿ, ಬೈಲೂರು, ಕನ್ನರ್ಪಾಡಿ, ಪುತ್ತೂರು. ಈಗ ಈ ಕಾವಲಿನ ಜೊತೆ ಡಾಕ್ಟರರ ಕಾವಲೂ ಸೇರಿದೆ. ಕಲ್ಸಂಕದಿಂದ ಮಣಿಪಾಲದವರೆಗೆ ರಸ್ತೆಯ ಎರಡೂ ಬದಿಯಲ್ಲಿ ಔಷಧಿ ಅಂಗಡಿ ಕಣ್ಣಿಗೆ ಬೀಳದೆ ಹೆಚ್ಚು ದೂರ ನಡೆಯಲಾರಿರಿ.

ರಸ್ತೆ ಅಗಲವಾಗಿದೆ, ಅದಕ್ಕೆ ರಾಷ್ಟ್ರೀಯ ಹೆದ್ದಾರಿ 169ಎ ಎಂಬ ದೊಡ್ಡ ಹೆಸರೂ ಬಂದಿದೆ. ಆದರೆ ಹೆದ್ದಾರಿ ಬಿಟ್ಟು ಒಳಗಿನ ಓಣಿಗೆ ಇಳಿದರೆ ಇನ್ನೂ ಒಂದೊಂದು ಹೆಂಚಿನ ಮನೆ, ಬಾವಿಕಟ್ಟೆ, ನಾಲ್ಕು ತೆಂಗಿನ ಮರ ಸಿಕ್ಕುತ್ತವೆ. ಬೆಳಿಗ್ಗೆ ಆರೂವರೆಗೆ ಬಚ್ಚಲುಮನೆಯ ಹೊಗೆಯೂ ಕಾಣುತ್ತದೆ. ನಮ್ಮದೂ ಅಂಥದೇ ಒಂದು ಮನೆ.

ಈ ಬಚ್ಚಲೊಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕರಾವಳಿಯ ಮನೆಗಳಲ್ಲಿ ಅದು ಬರೀ ಸ್ನಾನದ ನೀರು ಕಾಯಿಸುವ ಒಲೆಯಲ್ಲ. ಬೇಡವಾದದ್ದೆಲ್ಲ ಸೇರುವ ಜಾಗ ಅದು. ತೆಂಗಿನ ಮಡಲು, ಕೊತ್ತಳಿಗೆ, ಅಡಿಕೆಯ ಹಾಳೆ, ಹಳೆಯ ಕಾಗದ. ಮುಂದೆ ಕಾಲ ಬದಲಾದ ಹಾಗೆ ಹಾಲಿನ ತೊಟ್ಟೆ, ಹರಿದ ಚಪ್ಪಲಿ, ಮುಗಿದ ಮಾತ್ರೆಯ ಪಟ್ಟಿ. ಗದ್ದೆಯ ಬದಿಯಲ್ಲಿ ತರಗೆಲೆ, ಮಣ್ಣು ಸೇರಿಸಿ ಸುಟ್ಟು ಸುಡುಮಣ್ಣು ಮಾಡಿ ತರಕಾರಿ ಸಾಲಿಗೆ ಹಾಕಿದ ಜನ ನಾವು. ಸುಟ್ಟರೆ ಶುದ್ಧವಾಯಿತು ಎಂಬುದು ನಮಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ, ಮೈಗೆ ಹತ್ತಿದ ನಂಬಿಕೆ. ಆಸ್ಪತ್ರೆಯ ಕಸ ಏನಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಕಳೆದ ವರ್ಷದವರೆಗೆ ನಾನೂ "ಸುಡುತ್ತಾರಂತೆ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.

ಕಳೆದ ವರ್ಷದ ಆಟಿ ತಿಂಗಳು. ಎಡೆಬಿಡದ ಮಳೆ. ಕಸದ ವಾಹನ ಓಣಿಯ ಬಾಯಲ್ಲಿ ನಿಂತಿತ್ತು. ಮನೆ ಮನೆಯ ಗೇಟಿನಿಂದ ಕಸ ಸಂಗ್ರಹಿಸುವ ಹೆಂಗಸು ಒಣಕಸದ ದೊಡ್ಡ ಚೀಲವನ್ನು ತೊಡೆಗೆ ಆನಿಸಿಕೊಂಡು ನಮ್ಮ ಗೇಟಿನ ಮುಂದೆ ಬಂದವರು "ಯವ್ವಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಉತ್ತರ ಕರ್ನಾಟಕದ ಕಡೆಯವರು, ಉಡುಪಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಬದಲಾಗಿಲ್ಲ.

"ಎಂಥ ಆಯ್ತು ಅಮ್ಮಾ?" ಎಂದೆ.

"ಸೂಜಿ ಐತ್ರೀ ಅಣ್ಣಾರ, ಚೀಲದಾಗ. ಕೈಗವಸಿನ ಒಳಗ ಹೊಕ್ಕೈತಿ."

ಕೈಗವಸು ತೆಗೆದಾಗ ಹೆಬ್ಬೆರಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ನನ್ನ ತಂದೆಗೆ ಸಕ್ಕರೆ ಕಾಯಿಲೆ. ಎಷ್ಟೋ ವರ್ಷಗಳಿಂದ ಇನ್ಸುಲಿನ್ ಪೆನ್ನು ಬಳಸುತ್ತಾರೆ. ಅದರ ತುದಿಯ ಪುಟ್ಟ ಸೂಜಿಗಳನ್ನು ಪೇಪರಿನಲ್ಲಿ ಸುತ್ತಿ ಒಣಕಸಕ್ಕೆ ಹಾಕುತ್ತಿದ್ದವನು ನಾನೇ. ಆ ಚೀಲಕ್ಕೆ ನಮ್ಮ ಮನೆಗೆ ಮೊದಲು ಹತ್ತು ಹನ್ನೆರಡು ಮನೆಗಳ ಕಸ ಬಿದ್ದಿತ್ತು. ಓಣಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮನೆಗಳು ನಾಲ್ಕು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಆ ದಿನದ ಕಸ ಇನ್ನೂ ಗೇಟಿನ ಒಳಗೇ ಇತ್ತು ಎಂದು ಹೇಳಿ ನಾನು ಪಾರಾಗಬಹುದಿತ್ತು. ಆದರೆ ಹಿಂದಿನ ದಿನದ ಒಂದು ಕಟ್ಟನ್ನು ತಾಯಿ ಬೇಗನೆ ಎದ್ದು ವಾಹನದ ಬಳಿಗೇ ಹೋಗಿ ಕೊಟ್ಟು ಬಂದಿದ್ದರು.

ಸೋಪು ಹಾಕಿ ನಲ್ಲಿ ನೀರಿನ ಕೆಳಗೆ ಕೈ ತೊಳೆಯಿಸಿದೆವು. ಗಾಯವನ್ನು ಹಿಂಡಲು ಹೋದವರನ್ನು ಪಕ್ಕದ ಮನೆಯ ನಿವೃತ್ತ ನರ್ಸಮ್ಮ ತಡೆದರು. ಹಿಂಡಬಾರದು, ಬಾಯಿಗಿಟ್ಟು ಹೀರಲೂಬಾರದು, ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ಮಾತನ್ನು ಮಕ್ಕಳು ನೆನಪಿಡುವುದು ಒಳ್ಳೆಯದು. ರಿಕ್ಷಾ ಹಿಡಿದು ಹೋದೆವು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, "ಸೂಜಿ ಯಾರದ್ದು?"

ಅದೇ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿತ್ತು. ರೋಗಾಣು ಇರುವ ರಕ್ತದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೆ ಉಂಟು. ಹೆಪಟೈಟಿಸ್ ಸಿ ನೂರಕ್ಕೆ ಸುಮಾರು ಎರಡು. ಎಚ್‌ಐವಿ ಸಾವಿರಕ್ಕೆ ಮೂರು. ಇನ್ಸುಲಿನ್ ಪೆನ್ನಿನ ಸೂಜಿಯಲ್ಲಿ ರಕ್ತ ಅತ್ಯಲ್ಪ ಇರುವುದರಿಂದ ಅಪಾಯ ಇನ್ನೂ ಕಡಿಮೆ ಎಂದು ಡಾಕ್ಟರರು ಧೈರ್ಯ ಹೇಳಿದರು. ಸೂಜಿಯ ಒಡೆಯ ಯಾರೆಂದು ಗೊತ್ತಾದರೆ ಅವರ ರಕ್ತ ಪರೀಕ್ಷಿಸಿ ಆವತ್ತೇ ಸಮಾಧಾನ ಹೇಳಬಹುದು. ಗೊತ್ತಾಗದಿದ್ದರೆ ಚುಚ್ಚಿಸಿಕೊಂಡವರು ತಿಂಗಳುಗಟ್ಟಲೆ ಪರೀಕ್ಷೆಗೆ ಅಲೆಯಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ಕಂಡರೆ ಎಪ್ಪತ್ತೆರಡು ಗಂಟೆಯೊಳಗೆ ಶುರುಮಾಡಬೇಕು.

"ನಮ್ಮ ಮನೆಯದ್ದಿರಬಹುದು" ಎಂದೆ. ಈ ಎರಡು ಶಬ್ದ ಹೇಳುವುದಕ್ಕೆ ಕಾರಿಡಾರಿನಲ್ಲಿ ಎರಡು ಸಲ ಆಚೆ ಈಚೆ ನಡೆದಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ತಂದೆಯ ರಕ್ತ ಪರೀಕ್ಷೆಯಾಯಿತು, ಏನೂ ಇರಲಿಲ್ಲ. ಆದರೆ "ಇರಬಹುದು" ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಬೆಲೆ ಕಡಿಮೆ. ಉಳಿದ ಮೂರು ಮನೆಗಳಿಗೆ ಹೋದೆ. ಒಂದು ಮನೆಯವರು ಮರುದಿನವೇ ಪರೀಕ್ಷೆ ಮಾಡಿಸಿದರು. ಒಂದು ಮನೆಯವರು "ನಾವು ಸೂಜಿ ಬಚ್ಚಲೊಲೆಗೆ ಹಾಕುವುದು ಮಾರಾಯ್ರೆ" ಎಂದರು. ಇನ್ನೊಂದು ಮನೆಯವರು ಬಾಗಿಲಲ್ಲೇ ನಿಲ್ಲಿಸಿ "ನಮ್ಮದಲ್ಲ" ಎಂದರು. ಹೀಗೆ ಆ ತಾಯಿಗೆ ಹೆಪಟೈಟಿಸ್ ಬಿ ಲಸಿಕೆ ಶುರುವಾಯಿತು, ಆರು ತಿಂಗಳವರೆಗೆ ಆಗಾಗ ರಕ್ತ ಕೊಡುವ ಕೆಲಸವೂ ಶುರುವಾಯಿತು.

ಹಾಗಾದರೆ ಆ ಸೂಜಿ ನಿಜವಾಗಿ ಹೋಗಬೇಕಾಗಿದ್ದ ಜಾಗ ಯಾವುದು? ಈ ಪ್ರಶ್ನೆ ಹಿಡಿದುಕೊಂಡು ಒಂದು ಭಾನುವಾರ ಕಡಿಯಾಳಿಯಿಂದ ಮಣಿಪಾಲಕ್ಕೆ ನಡೆದೇ ಹೊರಟೆ. ನರ್ಸಿಂಗ್ ಓದುತ್ತಿರುವ ಅಕ್ಕನ ಮಗಳು ಜೊತೆಗಿದ್ದಳು. ಕುಂಜಿಬೆಟ್ಟಿನ ಎಂ.ಜಿ.ಎಂ. ಕಾಲೇಜು, ಆಮೇಲೆ ಇಂದ್ರಾಳಿಯ ರೈಲು ಸೇತುವೆ, ಅಲ್ಲಿಂದ ಮುಂದೆ ಏರು. ಒಂದು ಕಾಲಕ್ಕೆ ಈ ಗುಡ್ಡದಲ್ಲಿ ಮುರಕಲ್ಲು, ಮುಳಿಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಮೂವತ್ತು ವರ್ಷ ಕಳೆದು 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದರು. ಇವತ್ತು ಅಲ್ಲಿನ ಕಸ್ತೂರ್ಬಾ ಆಸ್ಪತ್ರೆಯೊಂದರಲ್ಲೇ 2,000ಕ್ಕೂ ಹೆಚ್ಚು ಹಾಸಿಗೆಗಳಿವೆ.

ನಮ್ಮ ಬಾಲ್ಯದ ಕಂಪೌಂಡರರನ್ನು ನೆನೆಯಿರಿ. ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಸ್ಪಿರಿಟ್ ದೀಪದ ಮೇಲೆ ಕುದಿಯುವ ಪುಟ್ಟ ಡಬ್ಬಿ. ಅದೇ ಸೂಜಿ ಊರಿಗೆಲ್ಲ. ರೋಗ ಹರಡುವ ಭಯ ಇತ್ತು, ಆದರೆ ಕಸ ಇರಲಿಲ್ಲ. ಒಮ್ಮೆ ಬಳಸಿ ಬಿಸಾಡುವ ಪದ್ಧತಿ ಬಂದು ಆ ಭಯ ಬಹುಪಾಲು ಹೋಯಿತು, ಕಸ ಬಂತು. ಈಗ ದೇಶದ ಆಸ್ಪತ್ರೆಗಳಿಂದ ದಿನಕ್ಕೆ ಸುಮಾರು 700 ಟನ್ ವೈದ್ಯಕೀಯ ತ್ಯಾಜ್ಯ ಹೊರಬೀಳುತ್ತದೆ.

"ಮಾವ, ಬಣ್ಣ ಗೊತ್ತುಂಟಾ ನಿಮಗೆ?" ಎಂದು ಹುಡುಗಿ ಪರೀಕ್ಷೆಗೆ ಇಳಿದಳು. ಹಳದಿ ಚೀಲಕ್ಕೆ ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಾಂಶ, ರಕ್ತ ಹೀರಿದ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಔಷಧಿ. ಕೆಂಪಿಗೆ ಡ್ರಿಪ್ಪಿನ ನಳಿಗೆ, ಸೂಜಿ ತೆಗೆದ ಸಿರಿಂಜು, ಕೈಗವಸು ಮುಂತಾದ ಪ್ಲಾಸ್ಟಿಕ್. ನೀಲಿ ಗುರುತಿನ ಪೆಟ್ಟಿಗೆಗೆ ಗಾಜು. ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಸೂಜಿ, ಬ್ಲೇಡು.

"ಆಮೇಲೆ ನಾಲ್ಕನ್ನೂ ಸುಡುವುದು" ಎಂದೆ ನಾನು, ಎಲ್ಲ ಗೊತ್ತಿದ್ದವನ ಹಾಗೆ.

ಹುಡುಗಿ ನಕ್ಕಳು. "ಇಲ್ಲ ಮಾವ. ಒಲೆಗೆ ಹೋಗುವುದು ಹಳದಿ ಮಾತ್ರ."

ನಿಜಕ್ಕೂ ಬೆಪ್ಪಾದೆ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಆಟೋಕ್ಲೇವ್ ಎಂಬ ಯಂತ್ರದಲ್ಲಿ ಒತ್ತಡದ ಹಬೆಗೆ ಬೇಯಿಸಿ, ಚೂರು ಮಾಡಿ, ಮರುಬಳಕೆಗೆ ಕೊಡುತ್ತಾರೆ. ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ ಅದು. ಗಾಜನ್ನು ಸೋಂಕು ಕಳೆದು ಕರಗಿಸಲು ಕಳಿಸುತ್ತಾರೆ. ಸೂಜಿಯನ್ನೂ ಹಾಗೆಯೇ ಬೇಯಿಸಿಯೋ ಒಣ ಶಾಖ ಕೊಟ್ಟೋ ಸೋಂಕು ಕಳೆದು, ಪುಡಿ ಮಾಡಿ ಕಬ್ಬಿಣ ಕರಗಿಸುವಲ್ಲಿಗೆ ಕಳಿಸಬಹುದು, ಇಲ್ಲವೇ ಸಿಮೆಂಟಿನಲ್ಲಿ ಹುದುಗಿಸಬಹುದು. ಬಚ್ಚಲೊಲೆಗೆ ಹಾಕುತ್ತೇವೆಂದ ಮನೆಯವರ ಸೂಜಿ ಬೂದಿಯಲ್ಲಿ ಸೂಜಿಯಾಗಿಯೇ ಉಳಿದಿರುತ್ತದೆ. ಆ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ, ಬರಿಗಾಲ ಮಕ್ಕಳು ಅಲ್ಲೇ ಆಡುತ್ತಾರೆ!

ಸರಕಾರಕ್ಕೂ ಈ ಬುದ್ಧಿ ಒಂದೇ ದಿನಕ್ಕೆ ಬಂದದ್ದಲ್ಲ. ದೆಹಲಿಯ ಕಸದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಐವತ್ತು ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳು ಇನ್ಸಿನರೇಟರನ್ನೋ ಅಷ್ಟೇ ಪರಿಣಾಮಕಾರಿಯಾದ ಬೇರೆ ವ್ಯವಸ್ಥೆಯನ್ನೋ ಇಟ್ಟುಕೊಳ್ಳಬೇಕು ಎಂದಿತು. 1998ರಲ್ಲಿ ವೈದ್ಯಕೀಯ ತ್ಯಾಜ್ಯಕ್ಕೆಂದೇ ನಿಯಮ ಬಂತು. ಆದರೆ ಊರ ನಡುವಿನ ಆಸ್ಪತ್ರೆಯ ಹಿತ್ತಿಲಲ್ಲಿ ಚಿಕ್ಕ ಒಲೆ ಇಟ್ಟು ಎಲ್ಲವನ್ನೂ ಒಟ್ಟಿಗೆ ಸುಟ್ಟರೆ ರೋಗಾಣು ಸತ್ತರೂ ಹೊಗೆ ನೆರೆಮನೆಗೆ ಹೋಗುತ್ತದೆ. ಹಾಗೆಂದು ಸುಡದೆ, ನಾಶಮಾಡದೆ ಬಿಟ್ಟರೆ? ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಬಯಲಾಯಿತು, ಗುಜರಿಯ ವ್ಯಾಪಾರವೂ ಬೆಳಕಿಗೆ ಬಂತು. 2016ರ ಹೊಸ ನಿಯಮದಲ್ಲಿ ಚೀಲಗಳಿಗೆ ಬಾರ್‌ಕೋಡು ಬಂತು, ನಲವತ್ತೆಂಟು ಗಂಟೆಗಿಂತ ಹೆಚ್ಚು ಕೂಡಿಡಬಾರದು ಎಂದಾಯಿತು. ಎಪ್ಪತ್ತೈದು ಕಿಲೋಮೀಟರಿನೊಳಗೆ ಸಾಮೂಹಿಕ ಘಟಕವಿದ್ದರೆ ಆಸ್ಪತ್ರೆ ತನ್ನದೇ ಘಟಕ ಕಟ್ಟಿಕೊಳ್ಳುವಂತಿಲ್ಲ.

ಹಾಗಾಗಿ ಹಳದಿ ಚೀಲಕ್ಕೆ ಪ್ರಯಾಣ ಅನಿವಾರ್ಯ. ಉಡುಪಿ, ಮಣಿಪಾಲದ ಕಡೆಯ ಆಸ್ಪತ್ರೆ ಕಸ ದಕ್ಷಿಣಕ್ಕೆ, ಮೂಲ್ಕಿ ಪಕ್ಕದ ಕಾರ್ನಾಡು ಕೈಗಾರಿಕಾ ಪ್ರದೇಶದ ಸಾಮೂಹಿಕ ಘಟಕಕ್ಕೆ ವರ್ಷಗಟ್ಟಲೆ ಹೋಗಿದೆ. ಆ ದಾರಿಯಲ್ಲಿ ಒಮ್ಮೆ ಬಸ್ಸಿನಲ್ಲಿ ಹೋದೆ. ಉದ್ಯಾವರದ ಹೊಳೆ, ಕಾಪುವಿನ ಮಾರಿಗುಡಿ, ಪಡುಬಿದ್ರಿ, ಹೆಜಮಾಡಿ, ಆಮೇಲೆ ಶಾಂಭವಿ ಹೊಳೆಯ ಸೇತುವೆ. ಸೇತುವೆ ದಾಟಿದರೆ ಜಿಲ್ಲೆಯೇ ಬೇರೆ. ಎಡಬಲಕ್ಕೆ ಗದ್ದೆ, ತೆಂಗು, ನದಿಯ ಹಿನ್ನೀರು. ಇಷ್ಟು ಚೆಂದದ ದಾರಿಯಲ್ಲಿ ನಮ್ಮೆಲ್ಲರ ಕಾಯಿಲೆಯ ಉಳಿಕೆಗಳು ಮುಚ್ಚಿದ ವ್ಯಾನಿನಲ್ಲಿ ಸಾಗುತ್ತವೆ ಎಂದು ಯಾರಿಗೆ ತಾನೆ ಹೊಳೆದೀತು! ಕಡಿಯಾಳಿಯವರ ಕಸ ಕಡಿಯಾಳಿಯಲ್ಲಿ ಸುಡುವುದಿಲ್ಲ. ಅದು ಯಾವಾಗಲೂ ಬೇರೆ ಯಾರದೋ ಊರಿಗೆ ಹೋಗುತ್ತದೆ. ಊರ ಮಾಮೂಲಿ ಕಸಕ್ಕೂ ಅಲೆವೂರಿನ ಕರ್ವಾಲು ಇದೆಯಲ್ಲ.

ಇಂಥ ಒಂದು ಕುಲುಮೆಯನ್ನು ಬೇರೆ ಜಿಲ್ಲೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ದೊಡ್ಡ ಬೆಂಕಿಯನ್ನು ನಿರೀಕ್ಷಿಸಿ ಹೋದವನಿಗೆ ಮೊದಲು ಕಂಡದ್ದು ಒಂದು ತಕ್ಕಡಿ, ಒಂದು ಲೆಕ್ಕದ ಪುಸ್ತಕ. ಚೀಲ ತೂಗಿ, ಬರೆದು, ಒಳಗೆ. ಕುಲುಮೆಗೆ ಎರಡು ಕೋಣೆ. ಮೊದಲನೆಯದರಲ್ಲಿ 800 ಡಿಗ್ರಿ ಆಸುಪಾಸಿನಲ್ಲಿ ಕಸ ಉರಿಯುತ್ತದೆ. ಅದರಿಂದ ಏಳುವ ಹೊಗೆಯನ್ನು ಹಾಗೇ ಬಿಡುವುದಿಲ್ಲ. ಎರಡನೆಯ ಕೋಣೆಯಲ್ಲಿ 1,050 ಡಿಗ್ರಿ ಆಸುಪಾಸಿನಲ್ಲಿ ಹೊಗೆಯನ್ನೇ ಮತ್ತೆ ಸುಡುತ್ತಾರೆ. ಅಲ್ಲಿ ಹೊಗೆ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು. 1998ರ ನಿಯಮದಲ್ಲಿ ಒಂದು ಸೆಕೆಂಡು ಸಾಕಿತ್ತು, 2016ರಲ್ಲಿ ಎರಡಾಯಿತು. ಒಂದು ಸೆಕೆಂಡಿಗಾಗಿ ಇಷ್ಟು ಗಲಾಟೆಯೇ ಎನ್ನಬೇಡಿ.

ಗಲಾಟೆಯ ಕಾರಣ ಡಯಾಕ್ಸಿನ್. ಕ್ಲೋರಿನ್ ಇರುವ ಪ್ಲಾಸ್ಟಿಕ್, ಅಂದರೆ ಮುಖ್ಯವಾಗಿ ಪಿವಿಸಿ, ಮಂದ ಬೆಂಕಿಯಲ್ಲಿ ಅರೆಬರೆ ಸುಟ್ಟಾಗ ಹುಟ್ಟುವ ವಿಷ ಇದು. ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ, ಮೇವಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತದೆ. ಇಟಲಿಯ ಸೆವೆಸೋ ಎಂಬಲ್ಲಿ 1976ರಲ್ಲಿ ಕಾರ್ಖಾನೆಯೊಂದರಿಂದ ಇದು ಹೊರಬಿದ್ದು ಜನ ಊರು ಬಿಡಬೇಕಾಯಿತು. ಹೆಚ್ಚು ಶಾಖದಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಡಯಾಕ್ಸಿನ್ ಒಡೆಯುತ್ತದೆ. ಆದರೆ ಹೊಗೆ ನಿಧಾನವಾಗಿ ತಣಿಯುತ್ತ 450ರಿಂದ 200 ಡಿಗ್ರಿಯ ನಡುವೆ ಬರುವಾಗ ಮತ್ತೆ ಕಟ್ಟಿಕೊಳ್ಳುತ್ತದೆ! ಅದಕ್ಕೇ ನೀರು ಚಿಮುಕಿಸಿ ಹೊಗೆಯನ್ನು ತಟ್ಟನೆ ತಣಿಸಿ, ಸೋಸಿ, ತೊಳೆದು, ಮೂವತ್ತು ಮೀಟರ್ ಎತ್ತರದ ಚಿಮಣಿಗೆ ಬಿಡಬೇಕು. ಹೊರಬರುವ ಗಾಳಿಯ ಒಂದು ಘನ ಮೀಟರಿನಲ್ಲಿ ಡಯಾಕ್ಸಿನ್ 0.1 ನ್ಯಾನೋಗ್ರಾಂ ದಾಟಬಾರದೆಂಬುದು ಮಿತಿ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ, ಅದರ ಹತ್ತನೆಯ ಒಂದು!

ಕೆಂಪು ಚೀಲದ ಪ್ಲಾಸ್ಟಿಕ್ ತಪ್ಪಿ ಹಳದಿಗೆ ಬಿದ್ದರೆ ಈ ಲೆಕ್ಕವೆಲ್ಲ ಬುಡಮೇಲು. ಕೋಟಿ ರೂಪಾಯಿಯ ಕುಲುಮೆಯ ಯೋಗ್ಯತೆ ಕೊನೆಗೆ ನಿಂತಿರುವುದು ವಾರ್ಡಿನಲ್ಲಿ ಕಸ ಹಾಕುವ ಕೈ ಯಾವ ಡಬ್ಬಿಯ ಮುಚ್ಚಳ ತೆರೆಯಿತು ಎಂಬುದರ ಮೇಲೆ. ನನಗೋ, ನಮ್ಮ ಬಚ್ಚಲೊಲೆ ನೆನಪಾಯಿತು. ಎರಡನೆಯ ಕೋಣೆಯಿಲ್ಲ, ತಣಿಸುವ ನೀರಿಲ್ಲ, ಚಿಮಣಿ ಹೆಂಚಿನ ಮಟ್ಟಕ್ಕಿದ್ದರೆ ಹೆಚ್ಚು. ಅದರಲ್ಲಿ ನಾವು ವೈರಿನ ತುಂಡು, ರೆಕ್ಸಿನ್ ಚೀಲ, ಒಡೆದ ಪೈಪು ಹಾಕಿ ಮೀಯುವ ನೀರು ಕಾಯಿಸಿದ್ದೇವೆ.

ಸುಟ್ಟ ಮೇಲೂ ಮುಗಿಯುವುದಿಲ್ಲ. ಉಳಿದ ಬೂದಿಯಲ್ಲಿ ಭಾರಲೋಹವಿದ್ದರೆ ಅದನ್ನು ತಳಕ್ಕೆ ಹಾಳೆ ಹಾಸಿದ ಹೊಂಡದಲ್ಲಿ ಹೂಳಬೇಕು. ರಾಜ್ಯದಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆಂದೇ ಬೆಂಗಳೂರಿನ ಆಚೆ ದಾಬಸ್‌ಪೇಟೆಯಲ್ಲಿ ಅಂಥ ತಾಣ ಕಟ್ಟಲಾಯಿತು. ಭೋಪಾಲದ ಕಾರ್ಖಾನೆಯಲ್ಲಿ 1984ರ ದುರಂತದ ನಂತರವೂ ಬಿದ್ದುಕೊಂಡಿದ್ದ 337 ಟನ್ ವಿಷದ ಕಸವನ್ನು 2025ರಲ್ಲಿ ಪೀಥಂಪುರಕ್ಕೆ ಸಾಗಿಸಿ ಸುಟ್ಟರಲ್ಲ, ಹೊಗೆ ತೊಳೆಯಲು ಸುಣ್ಣ ಮುಂತಾದವು ಸೇರಿ ಕೊನೆಗೆ ಉಳಿದ ಬೂದಿಯ ತೂಕ ಸುಟ್ಟ ಕಸದ ತೂಕಕ್ಕಿಂತ ಹೆಚ್ಚಾಯಿತು. ಶಾಲೆಯ ಮಕ್ಕಳು ಈ ಲೆಕ್ಕವನ್ನು ಒಮ್ಮೆ ಮೇಷ್ಟ್ರ ಹತ್ತಿರ ಕೇಳಿ ನೋಡಬಹುದು.

ಇಷ್ಟೆಲ್ಲ ತಿರುಗಿ ಓಣಿಗೆ ಮರಳಿದಾಗ ನಮ್ಮ ತಂದೆಯ ಸೂಜಿಯ ಸಮಸ್ಯೆ ಇದ್ದಲ್ಲೇ ಇತ್ತು. ಆಸ್ಪತ್ರೆಗೆ ನಾಲ್ಕು ಬಣ್ಣ, ಬಾರ್‌ಕೋಡು, ವ್ಯಾನು. ಮನೆಗೆ ಏನು? 2016ರ ಘನತ್ಯಾಜ್ಯ ನಿಯಮ ಮನೆಯ ಸೂಜಿ, ಹಳೆಯ ಮಾತ್ರೆ, ಒಡೆದ ಥರ್ಮಾಮೀಟರನ್ನು "ಗೃಹ ಅಪಾಯಕಾರಿ ಕಸ" ಎಂದು ಪ್ರತ್ಯೇಕಿಸಿತು. ಆದರೆ ಕಾಗದದ ಮೇಲಿನ ವಿಂಗಡಣೆ ಗೇಟಿನವರೆಗೆ ಬರಬೇಕಷ್ಟೆ. 2020ರಲ್ಲಿ ಕೊರೊನಾ ಬಂದಾಗ ಮಾತ್ರ ಹಳದಿ ಚೀಲ ಮನೆಬಾಗಿಲಿಗೂ ಬಂದಿತ್ತು. ಆಗ ಆ ಚೀಲ ಕಂಡರೆ ಎದುರುಮನೆಯವರು ಕಿಟಕಿ ಮುಚ್ಚುತ್ತಿದ್ದರು.

ನಿವೃತ್ತ ನರ್ಸಮ್ಮನೇ ದಾರಿ ತೋರಿಸಿದರು. ಗಟ್ಟಿ ಪ್ಲಾಸ್ಟಿಕ್ಕಿನ ಖಾಲಿ ಫಿನಾಯಿಲ್ ಕ್ಯಾನು, ತಿರುಪಿನ ಮುಚ್ಚಳ, ಮೇಲೆ ದಪ್ಪಕ್ಷರದಲ್ಲಿ "ಸೂಜಿ". ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ ಪರಿಚಯದ ಕ್ಲಿನಿಕ್ಕಿಗೆ ಕೊಡುವುದು. ಅವರ ಬಿಳಿ ಡಬ್ಬಿಯ ಜೊತೆ ಅದೂ ವ್ಯಾನು ಹತ್ತುತ್ತದೆ. ಕ್ಯಾನು ನರ್ಸಮ್ಮನ ಜಗಲಿಯ ಮೂಲೆಯಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿದೆ. ನಾವು ಮೂರು ಮನೆಯವರು ಅಲ್ಲಿಗೇ ಹಾಕುತ್ತೇವೆ. "ನಮ್ಮದಲ್ಲ" ಎಂದಿದ್ದ ಮನೆಯವರು ಬರಲಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಕ್ಯಾನು ಲೆಕ್ಕಕ್ಕಿಂತ ಬೇಗ ತುಂಬತೊಡಗಿತು. ಯಾರು ಯಾವ ಹೊತ್ತಿನಲ್ಲಿ ಬಂದು ಹಾಕುತ್ತಾರೆಂದು ನರ್ಸಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆರು ತಿಂಗಳ ಕೊನೆಯ ಪರೀಕ್ಷೆಯ ಚೀಟಿಯನ್ನು ಆ ಹೆಂಗಸು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದರು. ಮೂರಕ್ಕೂ ನೆಗೆಟಿವ್. ಓದಿ ಹೇಳಿದೆ. "ದೇವ್ರು ದೊಡ್ಡಾವ" ಎಂದು ಚೀಟಿಯನ್ನು ಮತ್ತೆ ಗಂಟು ಕಟ್ಟಿಕೊಂಡರು. ಈಗ ಅವರ ಕೈಗೆ ದಪ್ಪ ಗವಸು ಬಂದಿದೆ. ಆದರೂ ಪ್ರತಿ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಚೀಲದ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ನಿಂತು ಕೇಳುತ್ತಾರೆ:

"ಸೂಜಿ ಇಲ್ಲಲ್ರೀ, ಅಣ್ಣಾರ?"